ಬಸಿರಿನಲ್ಲಿ ಎಕ್ಸ್‌ರೇ, ಸಿ.ಟಿ. ಆಗಿಹೋಗಿದೆಯೇ? ಗಾಬರಿಯಿಂದ ಆರೈಕೆಯ ತನಕ ಒಂದು ಸಮಗ್ರ ಮಾರ್ಗದರ್ಶಿ

ಬೆನ್ನುನೋವು ಅಂತ ಸೊಂಟದ ಎಕ್ಸ್‌ರೇ ತೆಗೆಸಿದ್ದಾಗಿದೆ. ಹತ್ತು ದಿನ ಬಿಟ್ಟು, ಮುಟ್ಟು ಯಾಕೋ ತಡವಾಯಿತಲ್ಲ ಎಂದು ಪರೀಕ್ಷೆ ಮಾಡಿದರೆ ಕಿಟ್‌ನಲ್ಲಿ ಎರಡು ಗೆರೆ. ನನ್ನ ತಂಗಿಗೆ ಆದದ್ದು ಇದೇ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ‘ಅಕ್ಕಾ, ತೆಗೆಸಿಬಿಡಬೇಕಂತೆ’ ಎಂದಳು. ಯಾರು ಹೇಳಿದ್ದು ಎಂದರೆ, ಅವಳು ತೋರಿಸಿಕೊಂಡ ಡಾಕ್ಟರೇ. ಮಗುವಿಗೆ ಎಷ್ಟು ಡೋಸ್ (ವಿಕಿರಣದ ಪ್ರಮಾಣ) ತಗಲಿದೆ ಎಂದು ಅವರು ವಿಚಾರಿಸಿರಲಿಲ್ಲ. ಕೇಳಬೇಕು ಎಂದು ಇವಳಿಗೂ ತೋಚಿರಲಿಲ್ಲ. ಆರು ದಿನ ಅತ್ತಳು. ಆಮೇಲೆ ಲೆಕ್ಕ ಹಾಕಿಸಿದಾಗ ಬಂದದ್ದು ಸುಮಾರು 2 ಮಿಲಿಗ್ರೇ (ಮೈ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ). ಆ ಸಂಖ್ಯೆ ದೊಡ್ಡದೋ ಚಿಕ್ಕದೋ ಎನ್ನುವುದು ಕೆಳಗೆ ಗೊತ್ತಾಗುತ್ತದೆ.

ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ: ಸಂಖ್ಯೆ ಕೈಗೆ ಬರುವ ತನಕ ಯಾವ ತೀರ್ಮಾನವೂ ಬೇಡ. ಆ ಸಂಖ್ಯೆ ತರಿಸಿಕೊಳ್ಳುವುದು ಹೇಗೆ, ಓದುವುದು ಹೇಗೆ, ಆಮೇಲೆ ಒಂಬತ್ತು ತಿಂಗಳು ಏನೇನು ನೋಡಿಕೊಳ್ಳಬೇಕು ಎಂದು ಒಂದೊಂದಾಗಿ ನೋಡೋಣ.

ಹೆಜ್ಜೆ 1: ನಿಜಕ್ಕೂ ವಿಕಿರಣದ ಪರೀಕ್ಷೆಯೇ ಎಂದು ನೋಡಿ

ಅರ್ಧ ಜನರ ಚಿಂತೆ ಇಲ್ಲೇ ಮುಗಿಯಬಹುದು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಇರುವುದು ಶಬ್ದದ ಅಲೆ. ಎಂ.ಆರ್.ಐ.ನಲ್ಲಿ ಇರುವುದು ಅಯಸ್ಕಾಂತ ಮತ್ತು ರೇಡಿಯೋ ಅಲೆ. ಎರಡರಲ್ಲೂ ನಾವು ಹೆದರುವ ಜಾತಿಯ ವಿಕಿರಣ ಇಲ್ಲ. ಎಂ.ಆರ್.ಐ.ಗೆ ಗ್ಯಾಡೋಲಿನಿಯಂ ಎಂಬ ಔಷಧ ಚುಚ್ಚಿದ್ದರೆ ಮಾತ್ರ ಡಾಕ್ಟರಿಗೆ ತಿಳಿಸಿ. ಅದನ್ನು ಬಸಿರಿನಲ್ಲಿ ಆದಷ್ಟು ಬಳಸುವುದಿಲ್ಲ. ಮೊಬೈಲು, ವೈ-ಫೈ, ಮೈಕ್ರೋವೇವ್ ಒಲೆ, ವಿಮಾನ ನಿಲ್ದಾಣದ ಲೋಹ ಪತ್ತೆ ಯಂತ್ರ ಇವುಗಳಲ್ಲೂ ಅಂಥ ವಿಕಿರಣ ಇಲ್ಲ.

ಲೆಕ್ಕ ಬೇಕಾಗುವುದು ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಮ್ಯಾಮೋಗ್ರಾಮ್, ಆಂಜಿಯೋಗ್ರಾಮ್, ಬೇರಿಯಂ ಪರೀಕ್ಷೆ, ಪೆಟ್ ಸ್ಕ್ಯಾನ್, ಮೂಳೆ ಅಥವಾ ಥೈರಾಯ್ಡ್‌ನ ನ್ಯೂಕ್ಲಿಯರ್ ಸ್ಕ್ಯಾನ್, ಮತ್ತು ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ ಚಿಕಿತ್ಸೆಗೆ. ಕೊನೆಯದ್ದರ ಡೋಸ್ ಬೇರೆಯೇ ಮಟ್ಟದ್ದು. ಅದಕ್ಕೆ ಈ ಬರಹ ಸಾಲದು. ತಡಮಾಡದೆ ಆ ಚಿಕಿತ್ಸೆ ಕೊಟ್ಟ ತಂಡದ ಜೊತೆಗೇ ಮಾತಾಡಿ.

ಇನ್ನೊಂದು ವಿಷಯ. ಎಕ್ಸ್‌ರೇ, ಸಿ.ಟಿ. ಆದಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಕೋಣೆಯ ದೀಪ ಆರಿಸಿದ ಮೇಲೆ ಬೆಳಕು ಗೋಡೆಯಲ್ಲಿ ಉಳಿಯುತ್ತದೆಯೇ? ಹಾಗೇ ಇದು. ಆದ್ದರಿಂದ ‘ವಿಕಿರಣ ಹೊರಹಾಕುವ’ ಕಷಾಯ, ಮಾತ್ರೆ ಅಂತ ಯಾರಾದರೂ ಕೊಟ್ಟರೆ ಸುಮ್ನೆ ಪಕ್ಕಕ್ಕಿಡಿ. ಹೊರಹಾಕಲು ಒಳಗೆ ಏನೂ ಇಲ್ಲ. ನ್ಯೂಕ್ಲಿಯರ್ ಸ್ಕ್ಯಾನ್ ಮಾತ್ರ ಬೇರೆ: ಅಲ್ಲಿ ಚುಚ್ಚಿದ ವಸ್ತು ಸ್ವಲ್ಪ ಹೊತ್ತು ಮೈಯಲ್ಲೇ ಇದ್ದು, ಹೆಚ್ಚಿನಂಶ ಮೂತ್ರದಲ್ಲಿ ಹೋಗುತ್ತದೆ. ಮೂತ್ರಕೋಶ ಗರ್ಭಕೋಶಕ್ಕೆ ಅಂಟಿಕೊಂಡಂತೇ ಇರುವುದರಿಂದ, ಅಂಥ ಸ್ಕ್ಯಾನ್ ಈಗಷ್ಟೇ ಆಗಿದ್ದರೆ ನೀರು ಜಾಸ್ತಿ ಕುಡಿಯಿರಿ, ಪದೇ ಪದೇ ಮೂತ್ರಕ್ಕೆ ಹೋಗಿ.

ಹೆಜ್ಜೆ 2: ಮೈಯ ಯಾವ ಭಾಗಕ್ಕೆ?

ಹಲ್ಲು, ತಲೆ, ಕುತ್ತಿಗೆ, ಕೈ, ಪಾದ, ಎದೆ, ಇವು ಗರ್ಭಕೋಶದಿಂದ ದೂರ. ಅಲ್ಲಿಗೆ ಬಿಟ್ಟ ಕಿರಣ ಮೈಯೊಳಗೆ ಚದುರಿ ಮಗುವಿನ ತನಕ ಬರುವುದು ತೀರಾ ಕಡಿಮೆ. ಹೊಟ್ಟೆ, ಸೊಂಟ, ಕಿಬ್ಬೊಟ್ಟೆ, ಮೂತ್ರಪಿಂಡದ ಪರೀಕ್ಷೆಗಳಲ್ಲಿ ಗರ್ಭಕೋಶ ನೇರ ಕಿರಣದ ದಾರಿಯಲ್ಲೇ ಸಿಗಬಹುದು. ಲೆಕ್ಕದ ಅಗತ್ಯ ಮುಖ್ಯವಾಗಿ ಇಲ್ಲಿ.

‘ಸೀಸದ ಏಪ್ರನ್ ಹಾಕಲೇ ಇಲ್ಲ’ ಎಂದು ಕೊರಗುವವರು ಬಹಳ. ಬಿಟ್ಟುಬಿಡಿ. ಎದೆಯ ಎಕ್ಸ್‌ರೇಯಲ್ಲಿ ಮಗುವಿಗೆ ತಲುಪುವ ಅಷ್ಟಿಷ್ಟು ಕಿರಣ ಮೈಯ ಒಳಗಿನಿಂದಲೇ ಚದುರಿ ಬರುತ್ತದೆ, ಹೊರಗಿನ ಏಪ್ರನ್ ಅದನ್ನು ತಡೆಯುವುದಿಲ್ಲ. ಅಮೆರಿಕದ ವೈದ್ಯಕೀಯ ಭೌತತಜ್ಞರ ಸಂಘ 2019ರಲ್ಲೇ ರೋಗಿಗಳಿಗೆ ವಾಡಿಕೆಯಂತೆ ಏಪ್ರನ್ ಹಾಕುವುದನ್ನು ಕೈಬಿಡಿ ಎಂದು ಹೇಳಿದೆ.

ಹೆಜ್ಜೆ 3: ದಿನ ಎಣಿಸಿ, ಆದರೆ ಸರಿಯಾಗಿ

ಇಲ್ಲಿ ಎಡವುವವರೇ ಜಾಸ್ತಿ. ಹೆರಿಗೆ ಡಾಕ್ಟರ್ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ವಿಕಿರಣದ ಪರಿಣಾಮ ಹೇಳುವ ಪಟ್ಟಿಗಳಲ್ಲಿ ಬಹುಪಾಲು ಎಣಿಸುವುದು ಗರ್ಭ ನಿಂತ ದಿನದಿಂದ. ಎರಡಕ್ಕೂ ಸುಮಾರು ಎರಡು ವಾರ ವ್ಯತ್ಯಾಸ.

ಒಂದು ಉದಾಹರಣೆ ಹಾಕೋಣ. ಕೊನೆಯ ಮುಟ್ಟು ಮಾರ್ಚ್ 1. ಸಿ.ಟಿ. ಆದದ್ದು ಮಾರ್ಚ್ 20. ಡಾಕ್ಟರ ಲೆಕ್ಕದಲ್ಲಿ ಅವತ್ತಿಗೆ 2 ವಾರ 5 ದಿನ. ಪಟ್ಟಿ ತೆರೆದು ನೋಡಿದರೆ ‘2ರಿಂದ 8 ವಾರ: ಅಂಗಾಂಗ ಮೂಡುವ ಕಾಲ’ ಎಂದಿರುತ್ತದೆ. ಎದೆ ಧಸಕ್ಕೆನ್ನುತ್ತದೆ. ಆದರೆ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಗರ್ಭ ನಿಲ್ಲುವುದು 14ನೇ ದಿನದ ಆಸುಪಾಸಿನಲ್ಲಿ, ಅಂದರೆ ಮಾರ್ಚ್ 14-15ರ ಹೊತ್ತಿಗೆ. ಸಿ.ಟಿ. ದಿನ ಭ್ರೂಣಕ್ಕೆ ಆರೇ ದಿನ! ಗರ್ಭಕೋಶದ ಗೋಡೆಗೆ ಇನ್ನೂ ನೆಟ್ಟಗೆ ಅಂಟಿಕೊಂಡೂ ಇಲ್ಲ. ಅಂಗಾಂಗದ ಮಾತು ಎಲ್ಲಿಂದ ಬಂತು?

ಅದೇ ಸಿ.ಟಿ. ಮಾರ್ಚ್ 8ಕ್ಕೆ ಆಗಿದ್ದರೆ ಅವತ್ತು ಬಸಿರೇ ಇರಲಿಲ್ಲ. ಗರ್ಭ ನಿಲ್ಲುವ ಮೊದಲು ಅಮ್ಮನಿಗೋ ಅಪ್ಪನಿಗೋ ಆದ ಎಕ್ಸ್‌ರೇಯಿಂದ ಮಗುವಿಗೆ ದೋಷ ಬರುತ್ತದೆಯೇ? ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಟ್ಟಲೆ ಪರೀಕ್ಷಿಸಿದ್ದಾರೆ. ಅಂಥ ದೋಷ ಹೆಚ್ಚಿದ್ದು ಕಂಡುಬಂದಿಲ್ಲ.

ಮುಟ್ಟು ಹಿಂದೆಮುಂದೆ ಆಗುವವರು ತಾರೀಖು ನಂಬಿ ಕೂರಬೇಡಿ. ಮೊದಲ ಮೂರು ತಿಂಗಳ ಒಳಗೆ ಒಂದು ಸ್ಕ್ಯಾನಿಂಗ್ ಮಾಡಿಸಿ. ಭ್ರೂಣದ ಉದ್ದ ಅಳೆದು ವಯಸ್ಸು ಹೇಳುವುದಕ್ಕೆ ಆ ಸಮಯವೇ ಎಲ್ಲಕ್ಕಿಂತ ನಿಖರ.

ಹೆಜ್ಜೆ 4: ಪರೀಕ್ಷೆ ಮಾಡಿದ ಜಾಗದಿಂದ ಡೋಸ್ ವಿವರ ತನ್ನಿ

ನಿಮ್ಮ ಕೈಲಿರುವ ರಿಪೋರ್ಟಿನಲ್ಲಿ ‘ಮೂಳೆ ಸರಿ ಇದೆ’ ಅಂತ ಬರೆದಿರುತ್ತದೆಯೇ ಹೊರತು ಡೋಸ್ ಇರುವುದು ಅಪರೂಪ. ಪರೀಕ್ಷೆ ಮಾಡಿದ ಕೇಂದ್ರಕ್ಕೇ ಹೋಗಿ, ಬಸಿರಿನ ವಿಷಯ ತಿಳಿಸಿ, ಬರಹದಲ್ಲಿ ಕೇಳಿ.

ಎಕ್ಸ್‌ರೇ ಆದರೆ ಎಷ್ಟು ಸಲ ತೆಗೆದರು, ಯಾವ ಕೋನದಿಂದ, ಯಂತ್ರದ ಕೆವಿ ಮತ್ತು ಎಂಎಎಸ್ (ಕಿರಣದ ಶಕ್ತಿ, ಪ್ರಮಾಣ ಹೇಳುವ ಅಂಕಿಗಳು) ಎಷ್ಟಿತ್ತು ಎಂದು ಬೇಕು. ‘ಅಲ್ಲಾಡಿದ್ರಿ, ಇನ್ನೊಮ್ಮೆ ತೆಗಿತೀವಿ’ ಅಂದಿದ್ದರೆ ಅದೂ ಲೆಕ್ಕಕ್ಕೆ ಸೇರಬೇಕು. ಆಂಜಿಯೋಗ್ರಾಮ್, ಬೇರಿಯಂ ಪರೀಕ್ಷೆಗಳಿಗೆ ಕಿರಣ ಎಷ್ಟು ಹೊತ್ತು ಆನ್ ಆಗಿತ್ತು ಎನ್ನುವುದು ಮುಖ್ಯ. ನ್ಯೂಕ್ಲಿಯರ್ ಸ್ಕ್ಯಾನ್ ಆದರೆ ಯಾವ ವಸ್ತು, ಎಷ್ಟು ಮೆಗಾಬೆಕ್ವೆರೆಲ್ (ಚುಚ್ಚಿದ ವಸ್ತುವಿನ ವಿಕಿರಣಶೀಲತೆಯ ಅಳತೆ) ಎಂದು ಕೇಳಿ.

ಸಿ.ಟಿ. ಆಗಿದ್ದರೆ ಚಿತ್ರಗಳ ಸಿ.ಡಿ.ಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಕಪ್ಪು ಪುಟ ಇರುತ್ತದೆ. ಅದೇ ಡೋಸ್ ರಿಪೋರ್ಟ್. ಅದರಲ್ಲಿ ಎರಡು ಸಂಖ್ಯೆ. ಒಂದು ಸಿಟಿಡಿಐ (ಸ್ಕ್ಯಾನಿನಲ್ಲಿ ಯಂತ್ರ ಕೊಟ್ಟ ಡೋಸ್), ಮಿಲಿಗ್ರೇಯಲ್ಲಿ. ಇನ್ನೊಂದು ಡಿಎಲ್‌ಪಿ, ಮಿಲಿಗ್ರೇ-ಸೆಂಟಿಮೀಟರ್‌ನಲ್ಲಿ. ಸಿಟಿಡಿಐ 10 ಇದ್ದು, 45 ಸೆಂಟಿಮೀಟರ್ ಉದ್ದ ಸ್ಕ್ಯಾನ್ ಮಾಡಿದ್ದರೆ ಡಿಎಲ್‌ಪಿ 450 ಎಂದು ತೋರಿಸುತ್ತದೆ. ಅದನ್ನು ನೋಡಿ ‘ಅಯ್ಯೋ, ಮಗುವಿಗೆ 450 ಮಿಲಿಗ್ರೇ’ ಎಂದು ಕಂಗಾಲಾಗುವವರಿದ್ದಾರೆ. ಅದು ಡೋಸನ್ನು ಉದ್ದದಿಂದ ಗುಣಿಸಿದ್ದು ಅಷ್ಟೇ, ಮಗುವಿನ ಡೋಸ್ ಅಲ್ಲ. ಗರ್ಭಕೋಶ ಸ್ಕ್ಯಾನಿನ ಒಳಗೇ ಬಂದಿದ್ದರೆ ಮಗುವಿನ ಡೋಸ್ ಮೊದಲ ಸಂಖ್ಯೆಯ ಆಸುಪಾಸಿನಲ್ಲಿ ಇರುತ್ತದೆ. ಔಷಧ ಚುಚ್ಚುವ ಮೊದಲೊಮ್ಮೆ, ಆಮೇಲೊಮ್ಮೆ ಎಂದು ಎರಡು ಸಲ ಸ್ಕ್ಯಾನ್ ಮಾಡಿದ್ದರೆ ಎರಡನ್ನೂ ಕೂಡಿಸಬೇಕು.

ಮಿಲಿಗ್ರೇ ಬದಲು ಮಿಲಿಸೀವರ್ಟ್ (ವಿಕಿರಣದಿಂದ ಮೈಗೆ ಆಗಬಹುದಾದ ಹಾನಿ ಅಳೆಯುವ ಮಾನ) ಎಂದು ಬರೆದುಕೊಟ್ಟರೆ, ‘ಇದು ನನ್ನದೋ, ಮಗುವಿನದೋ?’ ಎಂದು ಕೇಳಿ. ಬಹುತೇಕ ಅದು ಅಮ್ಮನ ಇಡೀ ಮೈಗೆ ಹಾಕಿದ ಲೆಕ್ಕವಾಗಿರುತ್ತದೆ. ಹಳೆಯ ಕಾಗದಗಳಲ್ಲಿ ರ್ಯಾಡ್ ಎಂದಿದ್ದರೆ, 1 ರ್ಯಾಡ್ ಅಂದರೆ 10 ಮಿಲಿಗ್ರೇ.

ಹೆಜ್ಜೆ 5: ಮಗುವಿನ ಡೋಸ್ ಲೆಕ್ಕ ಹಾಕಿಸಿ

ಈ ಲೆಕ್ಕ ಹಾಕುವವರು ವೈದ್ಯಕೀಯ ಭೌತತಜ್ಞರು. ರೇಡಿಯೇಷನ್ ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ನಿಮ್ಮ ಹೆರಿಗೆ ಡಾಕ್ಟರ್ ಅಥವಾ ರೇಡಿಯಾಲಜಿಸ್ಟ್ ಮೂಲಕ ಚೀಟಿ ಬರೆಸಿಕೊಂಡು ಹೋಗಿ. ಅಷ್ಟರೊಳಗೆ ನೀವೇ ಒಂದು ಅಂದಾಜು ನೋಡಬಹುದು. ಒಂದು ಪರೀಕ್ಷೆಯಿಂದ ಮಗುವಿಗೆ ತಗಲುವ ಡೋಸ್ ಸಾಮಾನ್ಯವಾಗಿ ಹೀಗಿರುತ್ತದೆ:

ಕೈಕಾಲಿನ ಎಕ್ಸ್‌ರೇ: 0.001 ಮಿಲಿಗ್ರೇಗಿಂತ ಕಡಿಮೆ
ಎದೆಯ ಎಕ್ಸ್‌ರೇ: 0.0005ರಿಂದ 0.01
ತಲೆಯ ಸಿ.ಟಿ.: 0.001ರಿಂದ 0.01
ಎದೆಯ ಸಿ.ಟಿ.: 0.01ರಿಂದ 0.66
ಹೊಟ್ಟೆಯ ಎಕ್ಸ್‌ರೇ: 0.1ರಿಂದ 3
ಸೊಂಟದ ಬೆನ್ನೆಲುಬಿನ ಎಕ್ಸ್‌ರೇ: 1ರಿಂದ 10
ಮೂಳೆಯ ನ್ಯೂಕ್ಲಿಯರ್ ಸ್ಕ್ಯಾನ್: 4ರಿಂದ 5
ಹೊಟ್ಟೆಯ ಸಿ.ಟಿ.: 1.3ರಿಂದ 35
ಕಿಬ್ಬೊಟ್ಟೆಯ ಸಿ.ಟಿ.: 10ರಿಂದ 50

ಇದನ್ನು ಯಾವುದಕ್ಕೆ ಹೋಲಿಸುವುದು? ಯಾವ ಪರೀಕ್ಷೆಯನ್ನೂ ಮಾಡಿಸಿಕೊಳ್ಳದೆ ಮನೆಯಲ್ಲೇ ಇದ್ದರೂ ಮಣ್ಣು, ಗಾಳಿ, ಆಕಾಶದಿಂದ ಒಂಬತ್ತು ತಿಂಗಳಲ್ಲಿ ಮಗುವಿಗೆ 0.5ರಿಂದ 1 ಮಿಲಿಗ್ರೇ ಬಂದೇ ಬರುತ್ತದೆ. ಎದೆಯ ಎಕ್ಸ್‌ರೇ ಅದರ ಮುಂದೆ ಯಾವ ಲೆಕ್ಕವೂ ಅಲ್ಲ. ನನ್ನ ತಂಗಿಯ 2 ಮಿಲಿಗ್ರೇ ಎಂದರೆ ಅಂಥ ಎರಡು-ನಾಲ್ಕು ಬಸಿರಿನಷ್ಟು.

ಹೆಜ್ಜೆ 6: ಸಂಖ್ಯೆಯನ್ನು ವಾರದ ಜೊತೆ ಇಟ್ಟು ಓದಿ

ಕೆಳಗಿನ ವಾರಗಳೆಲ್ಲ ಗರ್ಭ ನಿಂತ ದಿನದಿಂದ. ಡಾಕ್ಟರ ಲೆಕ್ಕಕ್ಕೆ ಎರಡು ವಾರ ಕೂಡಿಸಿಕೊಳ್ಳಿ.

ಮೊದಲ ಎರಡು ವಾರ: ಇಲ್ಲಿ ‘ಪೂರ್ತಿ ಇಲ್ಲವೇ ಏನೂ ಇಲ್ಲ’ ಎಂಬ ನಿಯಮ. 50ರಿಂದ 100 ಮಿಲಿಗ್ರೇಗಿಂತ ಹೆಚ್ಚಿದ್ದರೆ ಭ್ರೂಣ ನಿಲ್ಲದೆ ಹೋಗಬಹುದು. ನಿಂತರೆ ಸಾಮಾನ್ಯವಾಗಿ ಸರಿಯಾಗಿಯೇ ಬೆಳೆಯುತ್ತದೆ, ಏಕೆಂದರೆ ಆಗಿನ ಜೀವಕೋಶಗಳು ಒಂದರ ಜಾಗವನ್ನು ಇನ್ನೊಂದು ತುಂಬಬಲ್ಲವು.

2ರಿಂದ 8 ವಾರ: ಅಂಗಾಂಗ ಮೂಡುವ ಹೊತ್ತು. ದೋಷ ಕಾಣಿಸಿಕೊಳ್ಳಲು ಸುಮಾರು 200 ಮಿಲಿಗ್ರೇ ಬೇಕು. ಮೇಲಿನ ಪಟ್ಟಿಯಲ್ಲಿ ಅದರ ಹತ್ತಿರಕ್ಕೆ ಬರುವುದು ಯಾವುದೂ ಇಲ್ಲ.

8ರಿಂದ 15 ವಾರ: ನಿಜಕ್ಕೂ ಹುಷಾರಾಗಿರಬೇಕಾದದ್ದು ಇದೇ. ಮಿದುಳಿನ ಕೋಶಗಳು ಹುಟ್ಟಿ ತಮ್ಮ ತಮ್ಮ ಜಾಗಕ್ಕೆ ಸಾಗುವ ಸಮಯ. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿಯಲ್ಲಿ ಬಸಿರಿನಲ್ಲಿದ್ದ ಮಕ್ಕಳ ಪೈಕಿ ತಲೆ ಚಿಕ್ಕದಾದದ್ದು, ಬುದ್ಧಿ ಬೆಳೆಯದೆ ಹೋದದ್ದು ಹೆಚ್ಚಾಗಿ ಈ ವಾರಗಳಲ್ಲಿ ಸಿಕ್ಕಿಕೊಂಡವರಲ್ಲೇ. ತೀವ್ರ ತೊಂದರೆಗೆ ಅತಿ ಕಟ್ಟುನಿಟ್ಟಿನ ಅಂದಾಜಿನಲ್ಲೂ 60 ಮಿಲಿಗ್ರೇ ದಾಟಬೇಕು. ಬುದ್ಧಿಮಟ್ಟದ ಅಂಕದಲ್ಲಿ 1000 ಮಿಲಿಗ್ರೇಗೆ ಸುಮಾರು 25 ಅಂಕ ಇಳಿಯುತ್ತದೆ ಎಂಬ ಲೆಕ್ಕ ಇದೆ. ಹಾಗಾದರೆ 10 ಮಿಲಿಗ್ರೇಗೆ ಕಾಲು ಅಂಕ. ಯಾವ ಪರೀಕ್ಷೆಯಿಂದಲೂ ಅದನ್ನು ಕಂಡುಹಿಡಿಯಲಾಗದು.

16ರಿಂದ 25 ವಾರ: ಮಿದುಳಿಗೆ ತೊಂದರೆಯಾಗಲು 250 ಮಿಲಿಗ್ರೇಗೂ ಹೆಚ್ಚು ಬೇಕು. ಅಲ್ಲಿಂದಾಚೆ ಸ್ಕ್ಯಾನ್‌ಗಳ ಮಟ್ಟದ ಡೋಸ್‌ನಿಂದ ಈ ಬಗೆಯ ಭಯ ಇಲ್ಲ.

ಉಳಿದದ್ದು ಕ್ಯಾನ್ಸರ್. ಇದನ್ನು ಮುಚ್ಚಿಡಬಾರದು. ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೀವರ್ಟ್ 1950ರ ದಶಕದಲ್ಲೇ ಬಸಿರಿನ ಎಕ್ಸ್‌ರೇಗೂ ಮಕ್ಕಳ ಕ್ಯಾನ್ಸರ್‌ಗೂ ನಂಟು ತೋರಿಸಿದ್ದರು. 10ರಿಂದ 20 ಮಿಲಿಗ್ರೇ ಆದರೆ ಮಗುವಿಗೆ ರಕ್ತದ ಕ್ಯಾನ್ಸರ್ ಬರುವ ಸಾಧ್ಯತೆ ಒಂದೂವರೆಯಿಂದ ಎರಡು ಪಟ್ಟು ಆಗಬಹುದು. ‘ಎರಡು ಪಟ್ಟು’ ಎಂದರೆ ಕೇಳಲು ಭಯ, ಅಲ್ವಾ? ಮೂಲದಲ್ಲಿ ಅದು ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಎರಡು ಪಟ್ಟಾದರೆ 3000ಕ್ಕೆ ಇಬ್ಬರು. ಉಳಿದ 2998 ಮಕ್ಕಳಿಗೆ ಬರುವುದಿಲ್ಲ.

ಹೆಜ್ಜೆ 7: ತೀರ್ಮಾನದ ಮಾತು

ಅಂತರರಾಷ್ಟ್ರೀಯ ವಿಕಿರಣ ಸುರಕ್ಷಾ ಆಯೋಗ 2000ನೇ ಇಸವಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಮಗುವಿನ ಡೋಸ್ 100 ಮಿಲಿಗ್ರೇಗಿಂತ ಕಡಿಮೆ ಇದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸುವುದು ಸಮರ್ಥನೀಯವಲ್ಲ. 50 ಮಿಲಿಗ್ರೇ ಒಳಗಿದ್ದರೆ ಗರ್ಭಪಾತವಾಗಲಿ, ಅಂಗದೋಷವಾಗಲಿ ಹೆಚ್ಚಿದ್ದು ಕಂಡುಬಂದಿಲ್ಲ. 100 ದಾಟಿದರೆ, ಅದರಲ್ಲೂ 8-15 ವಾರದ ನಡುವೆ ಆಗಿದ್ದರೆ, ಹೆರಿಗೆ ತಜ್ಞರು, ಭೌತತಜ್ಞರು ಇಬ್ಬರ ಜೊತೆಗೂ ಕೂತು ಮಾತಾಡಬೇಕು. ಆ ತೀರ್ಮಾನ ನಿಮ್ಮದು. ಪಕ್ಕದ ಮನೆಯವರದ್ದಲ್ಲ.

ಭಯ ಲೆಕ್ಕವನ್ನು ಹಿಂದಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಗ್ರೀಸ್ ದೇಶ ಸಾಕ್ಷಿ. 1986ರ ಏಪ್ರಿಲ್ 26ರಂದು ಈಗಿನ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದಲ್ಲಿ ಸ್ಫೋಟ ಆಯಿತು. ಗ್ರೀಸ್‌ನಲ್ಲಿ ಜನರಿಗೆ ತಗಲಿದ್ದು 1 ಮಿಲಿಸೀವರ್ಟ್‌ಗಿಂತ ಕಡಿಮೆ. ಆದರೂ ಗಾಳಿಮಾತು, ಡಾಕ್ಟರುಗಳಲ್ಲೇ ಗೊಂದಲ. ಮರುವರ್ಷ ಬಂದ ಒಂದು ಅಧ್ಯಯನದ ಅಂದಾಜಿನಂತೆ, ಬೇಕೆಂದು ನಿಂತಿದ್ದ ಸುಮಾರು 2500 ಬಸಿರನ್ನು ಹೆದರಿ ತೆಗೆಸಿಕೊಂಡಿದ್ದರು.

‘ತೆಗೆಸಿ’ ಎಂದು ಯಾರಾದರೂ ಹೇಳಿದರೆ ವಾದ ಬೇಡ. ‘ಎಷ್ಟು ಮಿಲಿಗ್ರೇ ಲೆಕ್ಕದ ಮೇಲೆ ಹೇಳ್ತಿದ್ದೀರಿ ಡಾಕ್ಟ್ರೇ?’ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಹೆಜ್ಜೆ 8: ಮುಂದಿನ ತಿಂಗಳುಗಳ ಆರೈಕೆ

ಡೋಸ್ 50 ಮಿಲಿಗ್ರೇ ಒಳಗಿದ್ದರೆ ಆರೈಕೆ ಎಲ್ಲ ಬಸಿರಿಯರಿಗೆ ಇರುವಂಥದ್ದೇ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮೊದಲ 12 ವಾರ. ಎಕ್ಸ್‌ರೇ ಆಗಿದೆ ಅಂತ ಜಾಸ್ತಿ ನುಂಗಬೇಕಾಗಿಲ್ಲ. 18ರಿಂದ 22ನೇ ವಾರದಲ್ಲಿ (ಇದು ಡಾಕ್ಟರ ಲೆಕ್ಕ) ಅಂಗಾಂಗ ನೋಡುವ ಸ್ಕ್ಯಾನಿಂಗ್. ಹೊಗೆಸೊಪ್ಪು, ಸಿಗರೇಟು, ಮದ್ಯ ಬೇಡ. ನಿಜ ಹೇಳಬೇಕೆಂದರೆ ಒಂದು ಎಕ್ಸ್‌ರೇಗಿಂತ ಇವು ಮಗುವಿಗೆ ಮಾಡುವ ಕೇಡು ಬಹಳ ದೊಡ್ಡದು.

ಡೋಸ್ ಅದಕ್ಕಿಂತ ಹೆಚ್ಚಿದ್ದರೆ ಬೆಳವಣಿಗೆಯ ಸ್ಕ್ಯಾನಿಂಗ್ ಹೆಚ್ಚು ಸಲ ಬೇಕಾಗಬಹುದು. ಅದರಲ್ಲಿ ಮಗುವಿನ ತಲೆಯ ಸುತ್ತಳತೆ ಪ್ರತಿ ಬಾರಿ ಬರೆದುಕೊಳ್ಳಲು ಹೇಳಿ. ಒಂದು ಸಲದ ಅಳತೆಗಿಂತ ಅದು ಏರುವ ಗತಿ ಮುಖ್ಯ. ಸ್ಕ್ಯಾನಿಂಗ್ ಆಕಾರ ತೋರಿಸುತ್ತದೆ, ಬುದ್ಧಿಮಟ್ಟ ತೋರಿಸುವುದಿಲ್ಲ, ಇದೂ ಗೊತ್ತಿರಲಿ. ಹಾಗೆಯೇ ವರ್ಣತಂತು ನೋಡುವ ರಕ್ತಪರೀಕ್ಷೆಯಿಂದಾಗಲಿ, ಗರ್ಭದ ನೀರು ತೆಗೆದು ನೋಡುವ ಪರೀಕ್ಷೆಯಿಂದಾಗಲಿ ಎಕ್ಸ್‌ರೇಯ ಹಾನಿ ಪತ್ತೆಯಾಗದು. ಅದಕ್ಕೆಂದೇ ಅವನ್ನು ಮಾಡಿಸಬೇಡಿ.

ಏನೂ ಆಗದ ಬಸಿರಿನಲ್ಲೂ ನೂರಕ್ಕೆ ಸುಮಾರು ಮೂರು ಮಕ್ಕಳು ಯಾವುದಾದರೂ ಅಂಗದೋಷದೊಂದಿಗೆ ಹುಟ್ಟುತ್ತಾರೆ. ಮುಂದೆ ಏನಾದರೂ ಕಂಡರೆ ‘ಅವತ್ತಿನ ಎಕ್ಸ್‌ರೇಯಿಂದಲೇ’ ಎಂದು ನಿಮ್ಮನ್ನೇ ಚುಚ್ಚಿಕೊಳ್ಳಬೇಡಿ. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ಬೇರೆ ದಾರಿ ಹಿಡಿಯಬೇಕಾದ ಮೂರು ಸಂದರ್ಭ

ವಿಕಿರಣಶೀಲ ಅಯೋಡಿನ್-131 ಕುಡಿದಿದ್ದರೆ: ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಇದು ಬಸಿರಿನಲ್ಲಿ ಬೇಡವೇ ಬೇಡ. ಮಗುವಿನ ಥೈರಾಯ್ಡ್ 10-12 ವಾರದ ಹೊತ್ತಿಗೆ ಅಯೋಡಿನ್ ಹೀರತೊಡಗುತ್ತದೆ, ಆಮೇಲೆ ಕೊಟ್ಟದ್ದು ಆ ಗ್ರಂಥಿಯನ್ನೇ ಸುಡಬಹುದು. ಕುಡಿದು 12 ಗಂಟೆ ಆಗಿಲ್ಲ ಎಂದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಪೊಟ್ಯಾಸಿಯಂ ಅಯೋಡೈಡ್ ಕೊಟ್ಟರೆ ಮಗುವಿನ ಥೈರಾಯ್ಡ್‌ಗೆ ಸೇರುವುದನ್ನು ಕಡಿಮೆ ಮಾಡಬಹುದು.

ಅಣು ಅವಘಡ ಆಗಿದ್ದರೆ: ಮನೆಯೊಳಗೆ ಸೇರಿ, ಕಿಟಕಿ ಬಾಗಿಲು ಮುಚ್ಚಿ. ಮೇಲಿನ ಬಟ್ಟೆ ಬಿಚ್ಚಿ ಚೀಲದಲ್ಲಿ ಕಟ್ಟಿ ದೂರ ಇಡಿ. ಮೈಮೇಲೆ ಕೂತ ದೂಳಿನ ಹೆಚ್ಚಿನ ಪಾಲು ಅದರಲ್ಲೇ ಹೋಗುತ್ತದೆ. ಸೋಪು ಹಚ್ಚಿ ಸ್ನಾನ ಮಾಡಿ, ಗಸಗಸ ಉಜ್ಜಬೇಡಿ. ಕೂದಲಿಗೆ ಕಂಡೀಷನರ್ ಬೇಡ, ದೂಳು ಕೂದಲಿಗೇ ಅಂಟಿಕೊಳ್ಳುತ್ತದೆ. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ (ದೊಡ್ಡವರಿಗೆ, ಬಸಿರಿಯರಿಗೆ 130 ಮಿಲಿಗ್ರಾಂ) ಅಧಿಕಾರಿಗಳು ಹೇಳಿದಾಗ ಮಾತ್ರ. ಅದು ಕಾಯುವುದು ಥೈರಾಯ್ಡನ್ನು ಮಾತ್ರ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ. ಗಾಯಕ್ಕೆ ಹಚ್ಚುವ ಟಿಂಕ್ಚರ್ ಕುಡಿಯುವುದು, ಉಪ್ಪು ಮುಕ್ಕುವುದು ಅಪಾಯ.

ಎಕ್ಸ್‌ರೇ ಕೋಣೆಯಲ್ಲೇ ನಿಮ್ಮ ಕೆಲಸವಾದರೆ: ಬಸಿರು ಗೊತ್ತಾದ ಕೂಡಲೇ ಮೇಲಿನವರಿಗೆ ಬರಹದಲ್ಲಿ ತಿಳಿಸಿ. ಅಲ್ಲಿಂದ ಹೆರಿಗೆಯ ತನಕ ಮಗುವಿಗೆ 1 ಮಿಲಿಸೀವರ್ಟ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಶಿಫಾರಸು. ಏಪ್ರನ್ ಒಳಗೆ, ಹೊಟ್ಟೆಯ ಮಟ್ಟಕ್ಕೆ ಡೋಸ್ ಅಳೆಯುವ ಇನ್ನೊಂದು ಬ್ಯಾಡ್ಜ್ ಕೇಳಿ ಪಡೆಯಿರಿ.

ಇನ್ನೊಮ್ಮೆ ಸ್ಕ್ಯಾನ್ ಬೇಕಾದರೆ

ಒಮ್ಮೆ ಹೆದರಿದವರು ಆಮೇಲೆ ಎಲ್ಲಕ್ಕೂ ಬೇಡ ಎನ್ನುತ್ತಾರೆ. ಅಪಘಾತ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಅನುಮಾನ, ಅಪೆಂಡಿಕ್ಸ್ ಒಡೆದಿರುವ ಲಕ್ಷಣ, ಇಂಥ ಹೊತ್ತಿನಲ್ಲಿ ಸಿ.ಟಿ. ಬೇಕೆಂದರೆ ಬೇಕೇ. ಅಮ್ಮನ ಜೀವ ಹೋದರೆ ಮಗು ಉಳಿಯುವುದೆಲ್ಲಿ? ಅಲ್ಟ್ರಾಸೌಂಡ್‌ನಲ್ಲೋ ಎಂ.ಆರ್.ಐ.ನಲ್ಲೋ ಆಗುತ್ತದೆಯೇ ಎಂದು ಒಂದು ಸಲ ಕೇಳಿ. ಆಗುವುದಿಲ್ಲ ಎಂದರೆ ಮಾಡಿಸಿಕೊಳ್ಳಿ, ಮತ್ತು ಹಿಂದಿನ ಡೋಸ್ ಲೆಕ್ಕದ ಹಾಳೆಯನ್ನು ಅವರಿಗೆ ತೋರಿಸಿ.

ಆ ಹಾಳೆಯ ಮೂರು ಪ್ರತಿ ಮಾಡಿಸಿ. ಒಂದು ಬಸಿರಿನ ಫೈಲಿನಲ್ಲಿ, ಒಂದು ಮನೆಯಲ್ಲಿ, ಒಂದು ಮಗುವಿನ ಡಾಕ್ಟರಿಗೆ. ಅಯೋಡಿನ್ ಇರುವ ಔಷಧ ಚುಚ್ಚಿ ಸಿ.ಟಿ. ಮಾಡಿದ್ದರೆ ಅದನ್ನೂ ಅದರ ಮೇಲೆಯೇ ಬರೆದಿಡಿ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮಾಡುವ ಥೈರಾಯ್ಡ್ ಪರೀಕ್ಷೆಯನ್ನು ಆಗ ಯಾರೂ ಮರೆಯುವುದಿಲ್ಲ.